ಮಧ್ಯಮ ಹಂತದ ಫ್ರೆಂಚ್‌ಗೆ ಕಾಲೇಜಿನ ಪ್ರಮಾಣಪತ್ರವೊಂದೇ ಸಾಕೇ?

ಪ್ರಶ್ನೆ:
ಪದವಿಯ ಜೊತೆಗೆ ಐಚ್ಛಿಕ ವಿಷಯವಾಗಿ ಫ್ರೆಂಚ್ ಕಲಿಯುತ್ತಿದ್ದೇನೆ. ಎರಡು ಸೆಮಿಸ್ಟರ್ ಮುಗಿದಿವೆ. ಇನ್ನೆರಡು ಮುಗಿಸಿದರೆ ಮಧ್ಯಮ ಹಂತದ ಭಾಷಾ ಕೌಶಲದ ಪ್ರಮಾಣಪತ್ರವನ್ನು ಕಾಲೇಜೇ ನೀಡುತ್ತದೆ. ಪಠ್ಯವನ್ನು ತಡವರಿಸದೆ ಓದುತ್ತೇನೆ, ವ್ಯಾಕರಣದಲ್ಲಿ ಅಂಕಗಳೂ ಚೆನ್ನಾಗಿವೆ. ಆದರೆ ಕಳೆದ ವಾರ ಅಧ್ಯಾಪಕರು ನಿನ್ನೆ ಏನು ಮಾಡಿದಿರಿ ಎಂದು ಫ್ರೆಂಚ್‌ನಲ್ಲಿ ಕೇಳಿದಾಗ, ಭೂತಕಾಲ ಹೇಳಲು ಕ್ರಿಯಾಪದಕ್ಕೆ ‘ಅವ್ವಾರ್’ ಎಂಬ ಸಹಾಯಕ ಕ್ರಿಯಾಪದ ಸೇರಿಸಬೇಕೋ ‘ಎತ್ರ್’ ಸೇರಿಸಬೇಕೋ ಎಂದು ಯೋಚಿಸುವಷ್ಟರಲ್ಲಿ ಸರದಿ ಪಕ್ಕದವರಿಗೆ ಹೋಗಿತ್ತು. ಇಂಥ ಸ್ಥಿತಿಯಲ್ಲಿ ಪಡೆಯುವ ಪ್ರಮಾಣಪತ್ರಕ್ಕೆ ಬೆಲೆ ಇದೆಯೇ, ಅಥವಾ ಹೊರಗಿನ ಪರೀಕ್ಷೆಯನ್ನೂ ಬರೆಯಬೇಕೇ?

ಉತ್ತರ 1:
ಕಾಲೇಜಿನ ಪ್ರಮಾಣಪತ್ರವು ನೀವು ಇಂತಿಷ್ಟು ಕೋರ್ಸ್‌ಗಳಲ್ಲಿ ತೇರ್ಗಡೆಯಾಗಿದ್ದೀರಿ ಎಂದು ಹೇಳುತ್ತದೆಯೇ ಹೊರತು, ಎಷ್ಟು ಭಾಷೆ ಬರುತ್ತದೆ ಎಂದು ಹೇಳಲೇಬೇಕೆಂದಿಲ್ಲ. ಆದ್ದರಿಂದ, ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಆರು ಹಂತಗಳ ಚೌಕಟ್ಟಿನಲ್ಲಿ ನಿಮ್ಮ ಪಠ್ಯಕ್ರಮ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ವಿಭಾಗದಲ್ಲಿ ವಿಚಾರಿಸಿ. ‘ಮಧ್ಯಮ’ ಎಂಬ ಹೆಸರಿದ್ದರೂ ಅದು ಎರಡನೆಯ ಹಂತವಾದ ಎ2ರಲ್ಲೇ ನಿಂತಿರಬಹುದು. ಮೂರನೆಯ ಹಂತವಾದ ಬಿ1 ಎಂದಾದರೆ, ಫ್ರಾನ್ಸ್‌ನ ಶಿಕ್ಷಣ ಸಚಿವಾಲಯ ಫ್ರೆಂಚ್ ಕಲಿಯುವವರಿಗೆ ನೀಡುವ ಡಿಪ್ಲೊಮಾ ಆದ ಡೆಲ್ಫ್‌ನ ಬಿ1 ಪರೀಕ್ಷೆಯನ್ನು ಬರೆದುಬಿಡಿ. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಈ ನಾಲ್ಕಕ್ಕೂ ತಲಾ 25 ಅಂಕ. ಒಟ್ಟು 50 ಬಂದರೆ ತೇರ್ಗಡೆ, ಆದರೆ ಯಾವುದೇ ಒಂದರಲ್ಲಿ 5ಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣ. ಒಮ್ಮೆ ಪಡೆದ ಡಿಪ್ಲೊಮಾಕ್ಕೆ ಅವಧಿ ಮುಗಿಯುವುದೆಂಬುದಿಲ್ಲ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಹೊರಗಿನ ಪರೀಕ್ಷೆಯೇ ಕೊನೆಯ ಮಾತು ಎಂಬುದನ್ನಲ್ಲ. ಜಪಾನೀಸ್‌ನ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಮಾತನಾಡುವ ಭಾಗವೂ ಇಲ್ಲ, ಬರೆಯುವ ಭಾಗವೂ ಇಲ್ಲ. ಅದರ ನಡುವಿನ ಹಂತವಾದ ಎನ್3 ಪಡೆದ ನಾನು ಬಹಳ ಕಾಲ ಒಂದು ವಾಕ್ಯವನ್ನೂ ನೆಟ್ಟಗೆ ಮುಗಿಸಲಾರದವನಾಗಿದ್ದೆ. ನನ್ನ ಬಾಯಿ ತೆರೆಸಿದ್ದು ತಪ್ಪನ್ನು ಅಲ್ಲೇ ತಿದ್ದುವ ಅಧ್ಯಾಪಕರಿದ್ದ ಕಾಲೇಜು ತರಗತಿ. ಇನ್ನೊಂದು ವಿಷಯ: ನಾಲ್ಕು ಸೆಮಿಸ್ಟರ್ ಎಂಬ ಅಳತೆ ಎಲ್ಲ ಭಾಷೆಗಳಿಗೂ ಒಂದೇ ಅಲ್ಲ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆಯು ಇಂಗ್ಲಿಷ್ ಬಲ್ಲವರು ಜಪಾನೀಸ್‌ನಲ್ಲಿ ವೃತ್ತಿಗೆ ಬೇಕಾಗುವಷ್ಟು ಹಿಡಿತ ಸಾಧಿಸಲು 2,200 ತರಗತಿ ಗಂಟೆಗಳು ಬೇಕೆಂದು ಲೆಕ್ಕ ಹಾಕುತ್ತದೆ. ಫ್ರೆಂಚ್‌ಗೆ ಅದರ ಸುಮಾರು ಮೂರನೇ ಒಂದು ಭಾಗ ಸಾಕು. ಆ ಮಟ್ಟಿಗೆ ನೀವು ಅದೃಷ್ಟವಂತರು.

ಉತ್ತರ 3:
ನಿಮ್ಮ ತೊಡಕು ಪ್ರಮಾಣಪತ್ರದ್ದಲ್ಲ, ಮಾತಿನದು. ಡೆಲ್ಫ್ ಬಿ1ರ ಮೌಖಿಕ ಪರೀಕ್ಷೆಯಲ್ಲಿ ಪರಿಚಯದ ಸಂಭಾಷಣೆಗಾಗಲಿ, ಪರೀಕ್ಷಕರೊಡನೆ ಸನ್ನಿವೇಶವೊಂದನ್ನು ಅಭಿನಯಿಸುವುದಕ್ಕಾಗಲಿ ತಯಾರಿಯ ಸಮಯವಿಲ್ಲ. ಚಿಕ್ಕ ಬರಹವೊಂದನ್ನು ಓದಿ ಅಭಿಪ್ರಾಯ ಹೇಳುವ ಮೂರನೆಯ ಭಾಗಕ್ಕೆ ಮಾತ್ರ 10 ನಿಮಿಷ ಸಿಗುತ್ತದೆ. ದಿನವೂ ರಾತ್ರಿ ಆ ದಿನದ ಸಂಗತಿಗಳನ್ನು ಎರಡು ನಿಮಿಷ ಹೇಳಿ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಕೇಳಿ, ತಪ್ಪಿದ ವಾಕ್ಯಗಳನ್ನಷ್ಟೇ ಮತ್ತೆ ಹೇಳಿ. ಹೋಗು, ಬಾ, ಹೊರಡು ಎಂಬಂಥ ‘ಎತ್ರ್’ ಬಯಸುವ ಕ್ರಿಯಾಪದಗಳು ಬೆರಳೆಣಿಕೆಯಷ್ಟೇ. ಅವನ್ನು ಪಟ್ಟಿಯಾಗಿ ಉರು ಹೊಡೆಯದೆ ನಿಮ್ಮದೇ ದಿನಚರಿಯ ವಾಕ್ಯಗಳಲ್ಲಿ ಕೂರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ವಿಭಾಗದಲ್ಲಿ ವಿಚಾರಿಸಿದೆ: ನಾಲ್ಕನೆಯ ಸೆಮಿಸ್ಟರ್‌ನ ಗುರಿ ಬಿ1ರ ಆರಂಭವಂತೆ. ಕೋರ್ಸ್ ಮುಗಿಸಿ, ಆರು ತಿಂಗಳು ಬಿಟ್ಟು ಡೆಲ್ಫ್ ಬರೆಯುತ್ತೇನೆ. ನಿನ್ನೆ ರಾತ್ರಿಯ ಧ್ವನಿಮುದ್ರಣ ನಲವತ್ತು ಸೆಕೆಂಡಿಗೇ ನಿಂತುಹೋಯಿತು.