ಕುಡಿಯುತ್ತಲೇ ಲೀಗ್ ಗೆದ್ದವರಿದ್ದಾರೆ ಎಂಬ ವಾದಕ್ಕೆ ಏನು ಉತ್ತರಿಸಬೇಕು?

ಪ್ರಶ್ನೆ

ನಾನು ಕಾಲೇಜು ವಯಸ್ಸಿನ ಫುಟ್‌ಬಾಲ್ ಆಟಗಾರರಿಗೆ ತರಬೇತಿ ನೀಡುತ್ತೇನೆ. ಮದ್ಯದಿಂದ ದೂರವಿರಿ ಎಂದಾಗ ಅವರಲ್ಲೊಬ್ಬ ಆರ್ಸೆನಲ್ ನಾಯಕರಾಗಿದ್ದ ಟೋನಿ ಆಡಮ್ಸ್ ಅವರ ಉದಾಹರಣೆಯನ್ನು ಮುಂದಿಟ್ಟ. ಆಡಮ್ಸ್ ವಿಪರೀತ ಕುಡಿಯುತ್ತಿದ್ದ ಕಾಲದಲ್ಲಿಯೇ ತಂಡ 1989 ಮತ್ತು 1991ರಲ್ಲಿ ಇಂಗ್ಲೆಂಡಿನ ಲೀಗ್ ಗೆದ್ದಿತು. ಎರಡನೆಯ ಬಾರಿಯಂತೂ ಅವರು ಕುಡಿದು ಕಾರು ಓಡಿಸಿದ್ದಕ್ಕಾಗಿ ಋತುವಿನ ನಡುವೆ ಜೈಲಿಗೂ ಹೋಗಿ ಬಂದಿದ್ದರು. ಆ ಹುಡುಗನಿಗೆ ಪ್ರಾಮಾಣಿಕವಾಗಿ ಏನು ಹೇಳಲಿ?

ಉತ್ತರ 1

ಆ ಗೆಲುವುಗಳು ನಿಜ, ಅವನ್ನು ಮರೆಮಾಚಬೇಕಾಗಿಲ್ಲ. ಆದರೆ ಆಗ ಎದುರಾಳಿ ತಂಡಗಳಲ್ಲಿಯೂ ಕುಡಿತ ಸಾಮಾನ್ಯವಾಗಿತ್ತು. ಬುಧವಾರ ರಜೆಯಿರುತ್ತಿದ್ದುದರಿಂದ ಆರ್ಸೆನಲ್ ಆಟಗಾರರು ಮಂಗಳವಾರದ ಅಭ್ಯಾಸ ಮುಗಿಸಿ ನೇರವಾಗಿ ಪಬ್ಬಿಗೆ ಹೋಗುತ್ತಿದ್ದರು. ಆ ಕೂಟಕ್ಕೆ 'ಮಂಗಳವಾರದ ಕ್ಲಬ್' ಎಂಬ ಹೆಸರೇ ಇತ್ತು. ಎಲ್ಲರೂ ಹೊರೆ ಹೊತ್ತು ಓಡುವ ಪಂದ್ಯದಲ್ಲಿ ಹೊರೆಯ ಭಾರ ಯಾರಿಗೂ ಕಾಣುವುದಿಲ್ಲ.

1996ರ ಸೆಪ್ಟೆಂಬರ್‌ನಲ್ಲಿ ಆಡಮ್ಸ್ ತಾವು ಮದ್ಯವ್ಯಸನಿ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಅದೇ ಹೊತ್ತಿಗೆ ಜಪಾನಿನ ನಗೋಯಾ ತಂಡವನ್ನು ಬಿಟ್ಟು ಆರ್ಸೆನಲ್‌ನ ತರಬೇತುದಾರರಾಗಿ ಬಂದ ಆರ್ಸೆನ್ ವೆಂಗರ್, ಬೇಯಿಸಿದ ಕೋಳಿ, ಮೀನು, ತರಕಾರಿಗಳನ್ನು ಊಟದ ಮೇಜಿಗೆ ತಂದು ಸ್ನಾಯುಗಳನ್ನು ಹಿಗ್ಗಿಸುವ ವ್ಯಾಯಾಮವನ್ನು ದಿನಚರಿಯಾಗಿಸಿದರು. 1998ರ ಮೇ 3ರಂದು ಎವರ್ಟನ್ ವಿರುದ್ಧದ ಪಂದ್ಯದ ಕೊನೆಯ ಗಳಿಗೆಯ ದೃಶ್ಯವನ್ನು ಆ ಹುಡುಗನಿಗೆ ತೋರಿಸಿ: ಸ್ಟೀವ್ ಬೌಲ್ಡ್ ಎತ್ತಿ ಕೊಟ್ಟ ಚೆಂಡಿನ ಹಿಂದೆ, 31 ವರ್ಷದ ರಕ್ಷಣಾ ಆಟಗಾರ ಆಡಮ್ಸ್ ಒಬ್ಬರೇ ಮುನ್ನುಗ್ಗಿ ಎಡಗಾಲಿನಿಂದ ಗೋಲು ಬಾರಿಸುತ್ತಾರೆ. ಆ ದಿನ ಲೀಗ್, ಅದೇ ತಿಂಗಳು ಇಂಗ್ಲೆಂಡಿನ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್. ಅವರು 2002ರವರೆಗೂ ಆಡಿ, ಅದೇ ವರ್ಷ ಈ ಜೋಡಿ ಪ್ರಶಸ್ತಿಗಳನ್ನು ಮತ್ತೊಮ್ಮೆ ಗೆದ್ದರು.

ಉತ್ತರ 2

ದೇಹದೊಳಗೆ ನಡೆಯುವುದನ್ನೂ ವಿವರಿಸಿ. ಒಂದು ಪಂದ್ಯದಲ್ಲಿ ಹತ್ತು ಕಿಲೋಮೀಟರಿನಷ್ಟು ಓಡಿದವನ ಸ್ನಾಯುಗಳಲ್ಲಿ ಶಕ್ತಿಯ ಸಂಗ್ರಹ ಬರಿದಾಗಿ, ನಾರುಗಳಿಗೆ ಸಣ್ಣಪುಟ್ಟ ಪೆಟ್ಟು ಬಿದ್ದಿರುತ್ತದೆ. ಆ ರಾತ್ರಿಯೇ ಚೆನ್ನಾಗಿ ಕುಡಿದರೆ ಸ್ನಾಯುಗಳ ಪ್ರೋಟೀನ್ ರಚನೆ ತಗ್ಗುತ್ತದೆ, ನಿದ್ದೆ ಮುರಿಯುತ್ತದೆ, ಮೂತ್ರ ಹೆಚ್ಚಾಗಿ ಹೋಗಿ ನೀರಿನ ಕೊರತೆ ತುಂಬುವುದು ತಡವಾಗುತ್ತದೆ. ಮೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಓಡಿದರೆ ಅಮಲು ಬೆವರಿನಲ್ಲಿ ಇಳಿದುಹೋಗುತ್ತದೆ ಎಂದು ನಂಬಿದ ಆಟಗಾರರಿದ್ದರು. ಅದು ಸುಳ್ಳು. ಮದ್ಯವನ್ನು ಕರಗಿಸುವುದು ಬಹುಮಟ್ಟಿಗೆ ಯಕೃತ್ತು, ಅದೂ ತನ್ನದೇ ನಿಧಾನಗತಿಯಲ್ಲಿ.

ಉತ್ತರ 3

ಮೇಲಿನ ಎರಡನ್ನೂ ಒಪ್ಪುತ್ತೇನೆ. ಆದರೆ ಕುಡಿಯುವವನಿಗೆ ಆಟದಲ್ಲಿ ನಿಷ್ಠೆಯಿಲ್ಲ ಎಂದು ಮಾತ್ರ ದಯವಿಟ್ಟು ಕಲಿಸಬೇಡಿ. ಐರ್ಲೆಂಡಿನ ರಕ್ಷಣಾ ಆಟಗಾರ ಪಾಲ್ ಮೆಕ್‌ಗ್ರಾತ್ ಮದ್ಯವ್ಯಸನದೊಂದಿಗೆ, ಹಲವು ಶಸ್ತ್ರಚಿಕಿತ್ಸೆಗಳಾದ ಮೊಣಕಾಲುಗಳಿಂದ ಆಡಿಯೂ 1993ರಲ್ಲಿ ಸಹ ಆಟಗಾರರ ಮತದಿಂದ ಇಂಗ್ಲೆಂಡಿನ ವರ್ಷದ ಆಟಗಾರರಾದರು. ಅವರಿಗಿದ್ದದ್ದು ಕಾಯಿಲೆ. ಅದೇ ವ್ಯಸನವಿದ್ದ ಖ್ಯಾತ ಆಟಗಾರ ಜಾರ್ಜ್ ಬೆಸ್ಟ್ 27ನೆಯ ವಯಸ್ಸಿಗೇ ಮ್ಯಾಂಚೆಸ್ಟರ್ ಯುನೈಟೆಡ್ ತೊರೆದು, 2002ರಲ್ಲಿ ಯಕೃತ್ತಿನ ಕಸಿ ಮಾಡಿಸಿಕೊಂಡು, 2005ರಲ್ಲಿ 59ನೆಯ ವಯಸ್ಸಿಗೆ ತೀರಿಕೊಂಡದ್ದನ್ನು ಶಿಸ್ತಿನ ಕೊರತೆ ಎಂದು ತಳ್ಳಿಹಾಕಲು ನನ್ನಿಂದಾಗದು. ಆಡಮ್ಸ್ 2000ದಲ್ಲಿ ಆಟಗಾರರಿಗಾಗಿಯೇ ಸ್ಪೋರ್ಟಿಂಗ್ ಚಾನ್ಸ್ ಎಂಬ ಚಿಕಿತ್ಸಾ ಸಂಸ್ಥೆಯನ್ನು ಆರಂಭಿಸಿದ್ದು ಈ ಕಾರಣಕ್ಕೆ. ಬೈಗುಳಕ್ಕೆ ಹೆದರುವ ಹುಡುಗ ತನ್ನ ಕುಡಿತವನ್ನು ಮೊದಲು ಮುಚ್ಚಿಡುವುದು ತರಬೇತುದಾರರಿಂದಲೇ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಎವರ್ಟನ್ ಪಂದ್ಯದ ಆ ಗೋಲನ್ನು ಇಡೀ ತಂಡಕ್ಕೆ ತೋರಿಸುತ್ತೇನೆ. ಆ ಹುಡುಗನೊಂದಿಗೆ ಬೇರೆಯಾಗಿ, ಗದರಿಸದೆ ಮಾತನಾಡುತ್ತೇನೆ.