ನಗದು ಕೌಂಟರಿನ ಐಪಿ ಕ್ಯಾಮೆರಾಗೆ ಧ್ವನಿ ಸೇರಿಸುವುದು ಹೇಗೆ?

ಸಂಘದ_ಕಾರ್ಯದರ್ಶಿ:
ನಮ್ಮ ಪತ್ತಿನ ಸಹಕಾರ ಸಂಘದ ಕಚೇರಿಯಲ್ಲಿ ಪಿಒಇ ಸ್ವಿಚ್‌ಗೆ (ನೆಟ್‌ವರ್ಕ್ ತಂತಿಯಲ್ಲೇ ವಿದ್ಯುತ್ತನ್ನೂ ಕಳಿಸುವ ಸಾಧನ) ಜೋಡಿಸಿದ ಎಂಟು ಐಪಿ ಕ್ಯಾಮೆರಾಗಳಿದ್ದು, ಎಲ್ಲವೂ ಒಂದೇ ಎನ್‌ವಿಆರ್‌ನಲ್ಲಿ (ಕ್ಯಾಮೆರಾಗಳ ದೃಶ್ಯ ಉಳಿಸುವ ಪೆಟ್ಟಿಗೆ) ದಾಖಲಾಗುತ್ತಿವೆ. ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂಬ ತಕರಾರು ಬಂದಾಗ ಚಿತ್ರವೊಂದೇ ಸಾಲದಾಗಿರುವುದರಿಂದ, ನಗದು ಕೌಂಟರಿನ ಕ್ಯಾಮೆರಾಗೆ ಧ್ವನಿಯನ್ನೂ ಸೇರಿಸಲು ಆಡಳಿತ ಮಂಡಳಿ ತೀರ್ಮಾನಿಸಿದೆ. ಆ ಕ್ಯಾಮೆರಾದಲ್ಲಿ ಮೈಕ್ ಇಲ್ಲ, ‘ಆಡಿಯೋ ಇನ್’ ಪೋರ್ಟ್ ಇದೆ. ಹೊರಗಿನಿಂದ ಮೈಕ್ ಹಾಕಿದರೆ ಸಾಕೇ? ಹಾರ್ಡ್ ಡಿಸ್ಕನ್ನೂ ಬದಲಿಸಬೇಕಾಗುತ್ತದೆಯೇ?

ತಂತಿ_ಕೆಲಸ:
ಡಿಸ್ಕಿನ ಚಿಂತೆ ಬೇಡ. ಧ್ವನಿಯನ್ನು ಡಿಜಿಟಲ್ ಮಾಡುವ ಜಿ.711 ಎಂಬ ವಿಧಾನದಲ್ಲಿ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಸಾಕು, ಅಂದರೆ ದಿನಕ್ಕೆ ಸುಮಾರು 690 ಎಂಬಿ. 2 ಮೆಗಾಬಿಟ್‌ನ ವಿಡಿಯೋ ಅದೇ ಅವಧಿಯಲ್ಲಿ 21 ಜಿಬಿಗೂ ಹೆಚ್ಚು ನುಂಗುತ್ತದೆ. ತೊಂದರೆ ಬರುವುದು ಮೈಕಿನ ಕಡೆಯಿಂದ. ಪೋರ್ಟ್ ಕೇಳುವುದು ಲೈನ್ ಮಟ್ಟದ (ಮೊದಲೇ ಬಲಪಡಿಸಿದ) ಸಿಗ್ನಲ್ಲೋ ಮೈಕ್ ಮಟ್ಟದ್ದೋ (ದುರ್ಬಲವಾದದ್ದು) ಎಂಬುದನ್ನು ಕ್ಯಾಮೆರಾದ ಕೈಪಿಡಿಯಲ್ಲಿ ಮೊದಲು ನೋಡಿಕೊಳ್ಳಿ. ಅಂಗಡಿಗಳಲ್ಲಿ ಸಿಗುವ ಮೂರು ತಂತಿಯ ಸಿಸಿಟಿವಿ ಮೈಕಿಗೆ 12 ವೋಲ್ಟ್ ಬೇಕು. ನಿಮ್ಮ ಕ್ಯಾಮೆರಾ ಪಿಒಇಯಿಂದ ನಡೆಯುವುದರಿಂದ ಅಲ್ಲಿ ಅಡಾಪ್ಟರ್ ಇರುವುದಿಲ್ಲ, ಬೇರೆಯದನ್ನೇ ಕೊಡಬೇಕು. ಅದು ಅಗ್ಗದ್ದಾದರೆ ದಿನವಿಡೀ ‘ಗುಂಯ್’ ಎಂಬ ಸದ್ದೇ ದಾಖಲಾಗುತ್ತದೆ. ಶೀಲ್ಡ್ (ಲೋಹದ ಹೊದಿಕೆ) ಇರುವ ತಂತಿಯನ್ನೇ ಎಳೆಸಿ, ಕರೆಂಟಿನ ವೈರುಗಳಿಂದ ದೂರವಿಡಿ.

ಮೈಕನ್ನು ಚಾವಣಿಗೆ ಮಾತ್ರ ಹಾಕಬೇಡಿ, ಫ್ಯಾನಿನ ಸದ್ದಿನಲ್ಲಿ ‘ಎಪ್ಪತ್ತು’ ಯಾವುದು, ‘ಎಂಬತ್ತು’ ಯಾವುದು ಎಂದು ತಿಳಿಯದೆ ಹೋದರೆ ನಿಮ್ಮ ತಕರಾರು ಇದ್ದಲ್ಲೇ ಇರುತ್ತದೆ. ಗಾಜಿನ ಕಿಂಡಿಯ ಪಕ್ಕದಲ್ಲಿ, ಗ್ರಾಹಕರ ಮಾತೂ ಕ್ಯಾಷಿಯರ್ ಮಾತೂ ಬೀಳುವಂತೆ ಕೂರಿಸಿ. ಜಿ.711 ಸೆಕೆಂಡಿಗೆ 8,000 ಮಾದರಿಗಳನ್ನಷ್ಟೇ ತೆಗೆದುಕೊಳ್ಳುವುದರಿಂದ 4 ಕಿಲೋಹರ್ಟ್ಸ್‌ಗಿಂತ ಮೇಲಿನ ತೀಕ್ಷ್ಣ ಸದ್ದು ಉಳಿಯುವುದಿಲ್ಲ. ಎನ್‌ವಿಆರ್ ಒಪ್ಪುವುದಾದರೆ ಎಎಸಿ ಎಂಬ ಇನ್ನೊಂದು ವಿಧಾನ ಆರಿಸಿ, ಮಾದರಿಗಳ ದರವನ್ನು 16 ಕಿಲೋಹರ್ಟ್ಸ್‌ಗೆ ಇಡಿ. ಕೊನೆಗೆ ಆ ಚಾನೆಲ್‌ನ ಸ್ಟ್ರೀಮನ್ನು ‘ವಿಡಿಯೋ ಮತ್ತು ಆಡಿಯೋ’ ಎಂದು ಬದಲಿಸಿ. ಇದನ್ನು ಮರೆತು ಮೈಕೇ ಕೆಟ್ಟಿದೆಯೆಂದು ದೂರುವವರು ಬಹಳ.

ಕಾನೂನು_ಓದುಗ:
ಪೊಲೀಸ್ ಠಾಣೆಗಳ ಕ್ಯಾಮೆರಾಗಳಲ್ಲಿ ಚಿತ್ರದೊಡನೆ ಧ್ವನಿಯೂ ದಾಖಲಾಗಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಆದೇಶಿಸಿತು. ಅದನ್ನು ತೋರಿಸಿ ಖಾಸಗಿ ಕಚೇರಿಗಳು ತಮಗೂ ಅನುಮತಿ ಸಿಕ್ಕಿತೆಂದು ಭಾವಿಸುವುದು ಸರಿಯಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಆದ್ದರಿಂದ ‘ಇಲ್ಲಿ ಮಾತುಗಳೂ ದಾಖಲಾಗುತ್ತವೆ’ ಎಂಬ ಫಲಕವನ್ನು ಕೌಂಟರಿನ ಎದುರಿಗೇ ಕನ್ನಡದಲ್ಲಿ ಹಾಕಿ, ಸಿಬ್ಬಂದಿಗೂ ಲಿಖಿತವಾಗಿ ತಿಳಿಸಿ. ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಗೆ ಕೊಡುವ ಪ್ರಮಾಣಪತ್ರ ಬೇಕಾಗುತ್ತದೆ.

ಸಂಘದ_ಕಾರ್ಯದರ್ಶಿ:
ಇಬ್ಬರಿಗೂ ಧನ್ಯವಾದಗಳು. ಕೈಪಿಡಿಯಲ್ಲಿ ‘ಲೈನ್ ಇನ್’ ಎಂದೇ ಇದೆ. ಫಲಕ ಬರೆಸಿದ ನಂತರವೇ ಮೈಕ್ ಹಾಕಿಸುತ್ತೇವೆ.

ತಂತಿ_ಕೆಲಸ:
ಹಾಗಾದರೆ ಆಂಪ್ಲಿಫೈಯರ್ ಒಳಗೇ ಇರುವ ಮೈಕನ್ನೇ ಕೊಳ್ಳಿ. ಹಾಕಿಸಿದ ದಿನವೇ ಒಂದು ತುಣುಕನ್ನು ಪೆನ್‌ಡ್ರೈವ್‌ಗೆ ತೆಗೆದು ಬೇರೆ ಕಂಪ್ಯೂಟರಿನಲ್ಲಿ ಕೇಳಿ ನೋಡಿ. ಕೆಲವು ಪ್ಲೇಯರ್‌ಗಳಲ್ಲಿ ಚಿತ್ರ ಬರುತ್ತದೆ, ಜಿ.711 ಧ್ವನಿ ಬರುವುದಿಲ್ಲ.