ಅಪ್‌ಡೇಟ್: ನೆಟ್‌ವರ್ಕಿಂಗ್ ಆ್ಯಪ್‌ನ ಕಾಂಟ್ಯಾಕ್ಟ್ ವಿಷಯ ಏನಾಯ್ತು

ನಮ್ಮ ವೃತ್ತಿಪರ ನೆಟ್‌ವರ್ಕಿಂಗ್ ಆ್ಯಪ್‌ಗೆ ಫೋನಿನ ಕಾಂಟ್ಯಾಕ್ಟ್‌ಗಳನ್ನೆಲ್ಲ ಒಟ್ಟಿಗೆ ತೆಗೆದುಕೊಳ್ಳಬೇಕಾ, ಒಬ್ಬರೇ ಎರಡೆರಡು ಸಲ ಬಂದರೆ ಏನು ಮಾಡೋದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಪೂರ್ತಿ ಪಟ್ಟಿ ಕೇಳುವುದನ್ನು ಕೈಬಿಟ್ಟೆವು. 2024ರ ಐಒಎಸ್ 18ರಿಂದ ಬಳಕೆದಾರರು ಬೇಕಾದವರನ್ನು ಮಾತ್ರ ಆರಿಸಿ ಕೊಡಬಹುದು. ಆಂಡ್ರಾಯ್ಡ್‌ನಲ್ಲೂ ಪಿಕರ್‌ನಿಂದ (ಕಾಂಟ್ಯಾಕ್ಟ್ ಆರಿಸಲು ಫೋನೇ ತೋರಿಸುವ ಪರದೆ) ಒಬ್ಬರನ್ನು ಆರಿಸಿದರೆ ಇಡೀ ಪಟ್ಟಿಯ ಅನುಮತಿ ಬೇಕಿಲ್ಲ. ನನಗೆ ಇದೇ ಸರಿ ಅನ್ನಿಸುತ್ತದೆ. ಪಟ್ಟಿಯಲ್ಲಿರುವ ಉಳಿದವರು ನಮಗೆ ಒಪ್ಪಿಗೆ ಕೊಟ್ಟಿಲ್ಲ, ಅಲ್ವಾ?

ಜಾಸ್ತಿ ಹೊತ್ತು ಹಿಡಿದದ್ದು ಡೂಪ್ಲಿಕೇಟ್‌ಗಳು. ಒಂದೇ ನಂಬರ್ ಒಂದು ಕಡೆ ಸೊನ್ನೆಯಿಂದ ಶುರು, ಇನ್ನೊಂದು ಕಡೆ +91ರಿಂದ, ಮತ್ತೊಂದು ಕಡೆ ಬರೀ 10 ಅಂಕಿ. ಎಲ್ಲವನ್ನೂ ಇ.164 ರೂಪಕ್ಕೆ, ಅಂದರೆ ದೇಶದ ಕೋಡ್ ಸಮೇತ ಬರೆಯುವ ಅಂತರರಾಷ್ಟ್ರೀಯ ರೂಪಕ್ಕೆ, ತಂದು ಹೋಲಿಸುತ್ತೇವೆ. ಗೂಗಲ್‌ನ ಲಿಬ್‌ಫೋನ್‌ನಂಬರ್ ಲೈಬ್ರರಿ ಇದಕ್ಕೆ ಸಾಕು. ಹೆಸರನ್ನು ಮಾತ್ರ ನಂಬುವ ಹಾಗಿಲ್ಲ. ನಮ್ಮಲ್ಲಿ ಇನಿಷಿಯಲ್ ಮುಂದೆಯೂ ಬರುತ್ತದೆ, ಹಿಂದೆಯೂ ಬರುತ್ತದೆ. ಕೆಲವರು ಕನ್ನಡದಲ್ಲೇ ಸೇವ್ ಮಾಡಿರುತ್ತಾರೆ. ಹಾಗಾಗಿ ಹೆಸರಷ್ಟೇ ಹೊಂದಿದರೆ ‘ಇವರಿಬ್ಬರೂ ಒಬ್ಬರೇನಾ?’ ಅಂತ ಕೇಳುತ್ತೇವೆ, ಸುಮ್ನೆ ಸೇರಿಸುವುದಿಲ್ಲ. ಸೇರಿಸಿದ ಮೇಲೂ ಬೇರೆ ಮಾಡಬಹುದು.

‘ಎಲ್ಲಿ ಭೇಟಿಯಾದದ್ದು’ ಅಂತ ಬರೆದುಕೊಳ್ಳಲು ಜಾಗ ಕೊಡಿ ಅಂದವರಿಗೆ ವಿಶೇಷ ಥ್ಯಾಂಕ್ಸ್. ಅದನ್ನು ಹಾಕಿದ್ದೇವೆ, ಹುಡುಕಾಟದಲ್ಲೂ ಬರುತ್ತದೆ. ವಿಸಿಎಫ್ (ಕಾಂಟ್ಯಾಕ್ಟ್‌ಗಳನ್ನು ಉಳಿಸುವ ಫೈಲ್) ಎಕ್ಸ್‌ಪೋರ್ಟ್ ಮುಂದಿನ ಆವೃತ್ತಿಗೆ.